ಚಿತ್ರಕೃತಿಗಳ ಛಾಯಾಗ್ರಹಣದಲ್ಲಿ ಮಸೂರದ ಆಯ್ಕೆ

ಚಿತ್ರಕೃತಿಗಳ ಛಾಯಾಗ್ರಹಣದಲ್ಲಿ ಮಸೂರದ ಆಯ್ಕೆ ಎಂದರೆ ತೈಲವರ್ಣ, ಜಲವರ್ಣ, ಭಿತ್ತಿಚಿತ್ರ ಮೊದಲಾದ ಚಪ್ಪಟೆ ಕಲಾಕೃತಿಗಳ ಆಕಾರ, ಬಣ್ಣ ಮತ್ತು ಸೂಕ್ಷ್ಮ ವಿವರಗಳನ್ನು ಮೂಲಕ್ಕೆ ನಿಷ್ಠವಾಗಿ ದಾಖಲಿಸಬಲ್ಲ ಕ್ಯಾಮೆರಾ ಮಸೂರವನ್ನು ಗೊತ್ತುಮಾಡುವ ಕ್ರಮ. ಬಳಕೆಯ ಮಾತಿನಲ್ಲಿ ಮಸೂರವನ್ನು ಲೆನ್ಸ್ ಎಂದೇ ಕರೆಯುತ್ತಾರೆ. ವಸ್ತುಸಂಗ್ರಹಾಲಯಗಳ ದಾಖಲಾತಿ, ಕಲಾಗ್ರಂಥಗಳ ಮುದ್ರಣ, ಕೃತಿಗಳ ಸಂರಕ್ಷಣೆ, ಮಾರಾಟದ ಕ್ಯಾಟಲಾಗು, ಕಲಾವಿದರ ಸ್ವಂತ ಸಂಗ್ರಹ ಇವೆಲ್ಲಕ್ಕೂ ಇಂಥ ಛಾಯಾಚಿತ್ರಗಳು ಬೇಕಾಗುತ್ತವೆ.

ಭಾವಚಿತ್ರ, ವನ್ಯಜೀವಿ ಅಥವಾ ಕ್ರೀಡೆಯ ಛಾಯಾಗ್ರಹಣದಲ್ಲಿ ಬೆಲೆ ಪಡೆಯುವ ಗುಣಗಳು ಇಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಚಿತ್ರಕೃತಿ ಅಲುಗಾಡುವುದಿಲ್ಲವಾದ್ದರಿಂದ ದೊಡ್ಡ ಅಪರ್ಚರ್ (ಬೆಳಕು ಒಳಬರುವ ದ್ವಾರ) ಮತ್ತು ವೇಗದ ಫೋಕಸ್ ಅನಿವಾರ್ಯವಲ್ಲ. ಅದರ ಹಿಂದೆ ಮಸುಕಾಗಬೇಕಾದ ಹಿನ್ನೆಲೆಯೂ ಇಲ್ಲ. ಮಧ್ಯದಲ್ಲಿ ಕಾಣುವ ಸ್ಪಷ್ಟತೆ ನಾಲ್ಕು ಮೂಲೆಗಳಲ್ಲೂ ಇರುವುದು, ನೇರ ಗೆರೆ ನೇರವಾಗಿಯೇ ಉಳಿಯುವುದು, ಬಣ್ಣಗಳ ಅಂಚು ಚದುರದಿರುವುದು, ದೀಪಗಳಿಗೆ ಜಾಗ ಬಿಡುವಷ್ಟು ದೂರದಿಂದ ತೆಗೆಯಲು ಸಾಧ್ಯವಾಗುವುದು ಈ ಆಯ್ಕೆಯ ಮುಖ್ಯ ಮಾನದಂಡಗಳು.

ಹಿನ್ನೆಲೆ

1840ರಲ್ಲಿ ಜೋಸೆಫ್ ಪೆಟ್ಸ್‌ವಾಲ್ ರೂಪಿಸಿದ ಭಾವಚಿತ್ರ ಮಸೂರ ಆ ಕಾಲಕ್ಕೆ ಧಾರಾಳವಾಗಿ ಬೆಳಕನ್ನು ಒಳಬಿಡುತ್ತಿತ್ತು. ಆದರೆ ಅದರ ಬಿಂಬ ಬಟ್ಟಲಿನ ಒಳಮೈಯಂತೆ ಬಾಗಿರುತ್ತಿದ್ದುದರಿಂದ ಚಪ್ಪಟೆ ವಸ್ತುವಿನ ಮಧ್ಯಭಾಗ ಸ್ಪಷ್ಟವಾದಾಗ ಅಂಚು ಮಸುಕಾಗುತ್ತಿತ್ತು. ಚಿತ್ರ, ನಕ್ಷೆ ಮತ್ತು ಕಟ್ಟಡಗಳ ಛಾಯಾಗ್ರಹಣಕ್ಕೆ ಅದು ಒದಗಲಿಲ್ಲ. 1866ರಲ್ಲಿ ಲಂಡನ್ನಿನ ಜಾನ್ ಡಾಲ್ಮೇಯರ್ ಮತ್ತು ಮ್ಯೂನಿಕ್‌ನ ಅಡಾಲ್ಫ್ ಸ್ಟೈನ್‌ಹೈಲ್ ಪರಸ್ಪರ ಸ್ವತಂತ್ರವಾಗಿ ಸಮ್ಮಿತಿಯ ರಚನೆಯ ಮಸೂರಗಳನ್ನು ಹೊರತಂದರು. ಅಪರ್ಚರಿನ ಎರಡೂ ಬದಿಗೆ ಒಂದೇ ಬಗೆಯ ಗಾಜಿನ ಗುಂಪುಗಳನ್ನು ಎದುರುಬದುರಾಗಿ ಇರಿಸಿದ್ದುದರಿಂದ ಒಂದರ ವಿರೂಪವನ್ನು ಇನ್ನೊಂದು ಕಳೆಯುತ್ತಿತ್ತು. ನೇರ ಗೆರೆ ಬಾಗದೆ ಮೂಡುವ ಮಸೂರ ಹೀಗೆ ವ್ಯಾಪಕವಾಗಿ ದೊರೆಯತೊಡಗಿತು. 1890ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಗಾಗಿ ಪೌಲ್ ರುಡಾಲ್ಫ್ ರೂಪಿಸಿದ ಅನಾಸ್ಟಿಗ್ಮ್ಯಾಟ್ ಮಸೂರ ಬಿಂಬ ಬಾಗುವ ಕ್ಷೇತ್ರವಕ್ರತೆ ಮತ್ತು ಬಿಂದು ಗೆರೆಯಾಗಿ ಹರಡುವ ಅಬಿಂದುಕತೆ ಎರಡನ್ನೂ ಹತೋಟಿಗೆ ತಂದಿತು. ಅವನೇ 1896ರಲ್ಲಿ ರಚಿಸಿದ ಪ್ಲಾನರ್ ಮತ್ತು 1902ರ ಟೆಸ್ಸರ್ ಮುಂದಿನ ಅನೇಕ ಮಸೂರಗಳಿಗೆ ಮಾದರಿಯಾದವು.

ಕಲಾಕೃತಿಗಳ ಛಾಯಾಗ್ರಹಣವೂ ಇದೇ ಅವಧಿಯಲ್ಲಿ ಉದ್ಯಮವಾಗಿ ಬೆಳೆಯಿತು. ಫ್ಲಾರೆನ್ಸಿನಲ್ಲಿ 1852ರಲ್ಲಿ ಆರಂಭವಾದ ಅಲಿನಾರಿ ಸಂಸ್ಥೆ ಇಟಲಿಯ ಚಿತ್ರ ಮತ್ತು ಶಿಲ್ಪಗಳನ್ನೂ, ಅಲ್ಸೇಸಿನ ಅಡಾಲ್ಫ್ ಬ್ರೌನ್ ಸಂಸ್ಥೆ 1860ರ ದಶಕದಿಂದ ಯುರೋಪಿನ ದೊಡ್ಡ ಸಂಗ್ರಹಾಲಯಗಳ ಕೃತಿಗಳನ್ನೂ ದಾಖಲಿಸಿದವು. ಅಂದಿನ ಛಾಯಾಫಲಕಗಳು ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದವು. ಕೆಂಪು ಮತ್ತು ಹಳದಿ ಬಣ್ಣಗಳು ಕಪ್ಪಾಗಿ ಮೂಡುತ್ತಿದ್ದವು. 1873ರಲ್ಲಿ ಹರ್ಮನ್ ವಿಲ್ಹೆಲ್ಮ್ ಫೋಗೆಲ್ ಬಣ್ಣಕಾರಕಗಳಿಂದ ಫಲಕದ ಸಂವೇದನೆಯನ್ನು ವಿಸ್ತರಿಸುವ ವಿಧಾನವನ್ನು ಕಂಡುಹಿಡಿದ ಮೇಲೆ ಚಿತ್ರದ ವರ್ಣಛಾಯೆಗಳು ಕ್ರಮೇಣ ಸರಿಯಾದ ಪ್ರಮಾಣದಲ್ಲಿ ದಾಖಲಾಗತೊಡಗಿದವು.

ವರ್ಣಮುದ್ರಣ ಬಂದಾಗ ಮಸೂರದ ಮೇಲಿನ ಬೇಡಿಕೆ ಇನ್ನೂ ಬಿಗಿಯಾಯಿತು. ಒಂದೇ ಚಿತ್ರವನ್ನು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಬೇರೆ ಬೇರೆಯಾಗಿ ತೆಗೆದು, ಆ ಪ್ರತಿಗಳಿಂದ ಮುದ್ರಣದ ಪ್ಲೇಟುಗಳನ್ನು ಮಾಡಬೇಕಿತ್ತು. ಮೂರು ಬಿಂಬಗಳ ಗಾತ್ರ ಒಂದೇ ಇರದಿದ್ದರೆ ಅಚ್ಚಿನಲ್ಲಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಈ ಅಗತ್ಯದಿಂದ ಮೂಡಿದವು ಅಪೋಕ್ರೊಮ್ಯಾಟಿಕ್ ಪ್ರೋಸೆಸ್ ಮಸೂರಗಳು. ಗೋರ್ಟ್ಸ್ ಸಂಸ್ಥೆಯ ಆರ್ಟಾರ್, ರೋಡೆನ್‌ಸ್ಟಾಕ್‌ನ ಅಪೋ-ರೋನಾರ್, ನಿಕಾನ್‌ನ ಅಪೋ-ನಿಕ್ಕರ್ ಈ ವರ್ಗದವು. ಸಣ್ಣ ಕ್ಯಾಮೆರಾಗಳಿಗೆ ಸಮೀಪದ ವಸ್ತುಗಳನ್ನು ತೆಗೆಯುವ ಮಸೂರವಾಗಿ 1955ರಲ್ಲಿ ಕಿಲ್‌ಫಿಟ್‌ನ ಮ್ಯಾಕ್ರೋ-ಕಿಲಾರ್ ಬಂತು. ಜಪಾನಿ ಲಿಪಿಯ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸುವ ಅಗತ್ಯವನ್ನು ಮುಂದಿಟ್ಟುಕೊಂಡು 1956ರಲ್ಲಿ ಮೈಕ್ರೋ-ನಿಕ್ಕರ್ ತಯಾರಾಯಿತು. ಇಂದಿನ ಮ್ಯಾಕ್ರೋ ಮಸೂರಗಳು ಈ ಪರಂಪರೆಯವು.

ಮಸೂರದಲ್ಲಿರಬೇಕಾದ ಗುಣಗಳು

ಸಮತಲ ಬಿಂಬ: ಕ್ಯಾಮೆರಾದ ಸೆನ್ಸರ್ ಚಪ್ಪಟೆ, ಚಿತ್ರಕೃತಿಯೂ ಚಪ್ಪಟೆ. ನಡುವಿನ ಮಸೂರದ ಬಿಂಬವೂ ಚಪ್ಪಟೆಯಾಗಿರಬೇಕು. ಬಿಂಬ ಬಾಗಿದ್ದರೆ ಅದು ಕ್ಷೇತ್ರವಕ್ರತೆ. ಬೆಟ್ಟಗುಡ್ಡಗಳ ಚಿತ್ರದಲ್ಲಿ ಈ ದೋಷ ಕಣ್ಣಿಗೆ ಬೀಳದಿರಬಹುದು. ಚಿತ್ರಕೃತಿಯ ಮೂಲೆಯಲ್ಲಿ ಕಲಾವಿದನ ರುಜು ಮಸುಕಾದರೆ ಕೂಡಲೇ ತಿಳಿಯುತ್ತದೆ. ದೂರದ ವಸ್ತುಗಳಿಗೆ ಸಮತಲ ಬಿಂಬ ಕೊಡುವ ಮಸೂರವೂ ಸಮೀಪದ ವಸ್ತುವಿಗೆ ಅದನ್ನು ಕೊಡದಿರಬಹುದು. ಆದ್ದರಿಂದ ಸಮೀಪದ ದೂರಕ್ಕೆಂದೇ ತಿದ್ದಿದ ರಚನೆಗೆ ಪ್ರಾಶಸ್ತ್ಯವಿದೆ.

ವಿರೂಪರಾಹಿತ್ಯ: ಆಯತದ ಅಂಚು ಹೊರಕ್ಕೆ ಉಬ್ಬಿದರೆ ಅದು ಪೀಪಾಯಿ ವಿರೂಪ, ಒಳಕ್ಕೆ ಬಾಗಿದರೆ ಸೂಜಿದಿಂಬು ವಿರೂಪ. 60 ಸೆಂಟಿಮೀಟರ್ ಎತ್ತರದ ಚಿತ್ರದಲ್ಲಿ ಎತ್ತರದ ಶೇಕಡಾ 1ರಷ್ಟು ಬಾಗು ಎಂದರೆ 6 ಮಿಲಿಮೀಟರ್. ಅಂಚನ್ನು ನೇರವಾಗಿ ಕತ್ತರಿಸಲು ಹೋದರೆ ಅಷ್ಟು ಚಿತ್ರ ನಷ್ಟವಾಗುತ್ತದೆ, ಇಲ್ಲವೇ ಅಷ್ಟು ಗೋಡೆ ಉಳಿಯುತ್ತದೆ. ತಂತ್ರಾಂಶದಿಂದ ಇದನ್ನು ತಿದ್ದಬಹುದು. ಆದರೆ ತಿದ್ದುವಾಗ ಅಂಚಿನ ಪಿಕ್ಸೆಲ್‌ಗಳನ್ನು ಹಿಗ್ಗಿಸಿ ಕುಗ್ಗಿಸಬೇಕಾಗುವುದರಿಂದ ಅಲ್ಲಿನ ವಿವರ ಸ್ವಲ್ಪ ಸೊರಗುತ್ತದೆ.

ವರ್ಣಶುದ್ಧಿ: ಗಾಜು ಬೇರೆ ಬೇರೆ ಬಣ್ಣದ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ ಉಂಟಾಗುವ ದೋಷ ವರ್ಣವಿಪಥನ. ಇದರಲ್ಲಿ ಎರಡು ಬಗೆ. ಬಣ್ಣಗಳು ಬೇರೆ ಬೇರೆ ಗಾತ್ರದಲ್ಲಿ ಮೂಡುವುದು ಪಾರ್ಶ್ವ ವರ್ಣವಿಪಥನ. ಇದು ಮೂಲೆಗಳಲ್ಲಿ ಕೆಂಪು-ಹಸಿರು ಅಥವಾ ನೀಲಿ-ಹಳದಿ ಅಂಚಾಗಿ ಕಾಣುತ್ತದೆ. ಅಪರ್ಚರನ್ನು ಕಿರಿದುಗೊಳಿಸಿದರೂ ಹೋಗುವುದಿಲ್ಲ. ಬಣ್ಣಗಳು ಬೇರೆ ಬೇರೆ ದೂರದಲ್ಲಿ ಸಂಗಮಿಸುವುದು ಅಕ್ಷೀಯ ವರ್ಣವಿಪಥನ. ಅಪರ್ಚರ್ ಕಿರಿದಾದಂತೆ ಇದು ತಗ್ಗುತ್ತದೆ. ಬಿಳಿ ಕಾಗದದ ಮೇಲಿನ ಮಸಿಗೆರೆ, ಎಚ್ಚಣೆ ಮತ್ತು ನವಿರಾದ ಕುಂಚರೇಖೆಗಳಲ್ಲಿ ಈ ದೋಷಗಳು ಮೊದಲು ಗೋಚರಿಸುತ್ತವೆ.

ಪ್ರಕಾಶದ ಸಮತೆ: ಓರೆಯಾಗಿ ಬರುವ ಕಿರಣಗಳು ಅಂಚಿನಲ್ಲಿ ಮಂಕಾಗುತ್ತವೆ. ಸರಳ ಮಸೂರದಲ್ಲಿ ಈ ಇಳಿಕೆ ಕೋನದ ಕೊಸೈನಿನ ನಾಲ್ಕನೇ ಘಾತವನ್ನು ಅನುಸರಿಸುತ್ತದೆ. ಆ ಲೆಕ್ಕದಂತೆ 36×24 ಮಿಲಿಮೀಟರಿನ ಫುಲ್‌ಫ್ರೇಮ್ ಸೆನ್ಸರಿನ ಮೂಲೆಗೆ 24 ಮಿಲಿಮೀಟರ್ ಸಂಗಮದೂರದ (ಫೋಕಲ್ ಲೆಂಗ್ತ್) ಮಸೂರದಲ್ಲಿ ಮಧ್ಯದ ಬೆಳಕಿನ ಶೇಕಡಾ 30ರಷ್ಟು, 50 ಮಿಲಿಮೀಟರಿನದರಲ್ಲಿ ಶೇಕಡಾ 71ರಷ್ಟು, 100 ಮಿಲಿಮೀಟರಿನದರಲ್ಲಿ ಶೇಕಡಾ 91ರಷ್ಟು ತಲುಪುತ್ತದೆ. ವಿಶಾಲಕೋನ ಮಸೂರಗಳ ವಿಶೇಷ ರಚನೆ ಈ ನಷ್ಟವನ್ನು ಭಾಗಶಃ ತುಂಬಿಕೊಡುತ್ತದೆ.

ಒಳಪ್ರತಿಫಲನದ ನಿಯಂತ್ರಣ: ಬಿಳಿ ಗೋಡೆಯ ಮೇಲೆ ತೂಗಿದ ಗಾಢವರ್ಣದ ಚಿತ್ರವನ್ನು ತೆಗೆಯುವಾಗ ಗೋಡೆಯ ಬೆಳಕು ಮಸೂರದೊಳಗೆ ಚದುರಿ ಕಪ್ಪನ್ನು ಬೂದುಬಣ್ಣಕ್ಕೆ ತಿರುಗಿಸುತ್ತದೆ. ಬಹುಪದರ ಲೇಪನವಿರುವ ಗಾಜು ಮತ್ತು ಆಳವಾದ ಲೆನ್ಸ್ ಹುಡ್ ಇದನ್ನು ತಗ್ಗಿಸುತ್ತವೆ. ಚಿತ್ರದ ಹಿಂದೆ ಕಪ್ಪು ಬಟ್ಟೆ ಇಳಿಬಿಡುವ ರೂಢಿಯೂ ಇದೆ.

ಸಂಗಮದೂರ ಮತ್ತು ಕ್ಯಾಮೆರಾದ ಅಂತರ

ಸಂಗಮದೂರವನ್ನು ನಿರ್ಧರಿಸುವ ಅಂಶಗಳು ಮೂರು: ಕೃತಿಯ ಗಾತ್ರ, ಸೆನ್ಸರಿನ ಗಾತ್ರ ಮತ್ತು ಕೋಣೆಯಲ್ಲಿ ಹಿಂದೆ ಸರಿಯಲು ಇರುವ ಜಾಗ. ಸೆನ್ಸರಿನ ಮೇಲಿನ ಬಿಂಬದ ಅಗಲವನ್ನು ಕೃತಿಯ ಅಗಲದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ. ವರ್ಧನೆಯ ವಿಲೋಮಕ್ಕೆ 1 ಕೂಡಿಸಿ ಸಂಗಮದೂರದಿಂದ ಗುಣಿಸಿದರೆ ಮಸೂರದಿಂದ ಕೃತಿಗೆ ಇರಬೇಕಾದ ದೂರ ತಿಳಿಯುತ್ತದೆ. 90×60 ಸೆಂಟಿಮೀಟರಿನ ಚಿತ್ರ ಫುಲ್‌ಫ್ರೇಮ್ ಸೆನ್ಸರನ್ನು ಪೂರ್ತಿ ತುಂಬುವಾಗ ವರ್ಧನೆ 1/25. ಆಗ 35 ಮಿಲಿಮೀಟರ್ ಮಸೂರಕ್ಕೆ ಸುಮಾರು 0.9 ಮೀಟರ್, 50ಕ್ಕೆ 1.3 ಮೀಟರ್, 100ಕ್ಕೆ 2.6 ಮೀಟರ್ ದೂರ ಬೇಕು. 180×120 ಸೆಂಟಿಮೀಟರಿನ ಚಿತ್ರಕ್ಕೆ 50 ಮಿಲಿಮೀಟರ್ ಮಸೂರ 2.55 ಮೀಟರ್ ದೂರವನ್ನೂ, 100 ಮಿಲಿಮೀಟರಿನದು 5.1 ಮೀಟರ್ ದೂರವನ್ನೂ ಕೇಳುತ್ತದೆ. 18×12 ಸೆಂಟಿಮೀಟರಿನ ಕಿರುಚಿತ್ರಕ್ಕೆ ಈ ದೂರಗಳು 30 ಮತ್ತು 60 ಸೆಂಟಿಮೀಟರ್ ಮಾತ್ರ. ಚಿತ್ರದ ಸುತ್ತ ಸ್ವಲ್ಪ ಅಂಚು ಬಿಡುವುದು ವಾಡಿಕೆಯಾದ್ದರಿಂದ ವಾಸ್ತವದ ದೂರ ಇದಕ್ಕಿಂತ ತುಸು ಹೆಚ್ಚು.

ದೂರ ಹೆಚ್ಚಿದಷ್ಟೂ ಬೆಳಕಿನ ಜೋಡಣೆ ಸುಲಭ. ಚಿತ್ರದ ಎರಡೂ ಬದಿಗೆ 45 ಡಿಗ್ರಿ ಕೋನದಲ್ಲಿ ದೀಪಗಳನ್ನಿಡುವುದು ಸಾಮಾನ್ಯ ಪದ್ಧತಿ. ಮೇಲಿನ 90 ಸೆಂಟಿಮೀಟರಿನ ಚಿತ್ರಕ್ಕೆ 35 ಮಿಲಿಮೀಟರ್ ಮಸೂರ ಬಳಸಿ, ದೀಪಗಳನ್ನೂ ಕ್ಯಾಮೆರಾದ ಸಾಲಿನಲ್ಲೇ ಇರಿಸಿದರೆ, ಚಿತ್ರದ ಅಂಚನ್ನು ಕ್ಯಾಮೆರಾ ನೋಡುವ ಕೋನ ಸುಮಾರು 26 ಡಿಗ್ರಿ. ಸಮೀಪದ ದೀಪದ ಬೆಳಕು ಅದೇ ಅಂಚಿಗೆ ಬೀಳುವ ಕೋನ ಸುಮಾರು 27 ಡಿಗ್ರಿ. ಎರಡೂ ಹೆಚ್ಚುಕಡಿಮೆ ಸಮವಾಗಿರುವುದರಿಂದ ವಾರ್ನಿಷಿನ ಮೇಲೆ ದೀಪದ ಪ್ರತಿಫಲನ ನೇರವಾಗಿ ಮಸೂರವನ್ನು ಸೇರುತ್ತದೆ. ಇದೇ ಜೋಡಣೆಯಲ್ಲಿ 100 ಮಿಲಿಮೀಟರ್ ಮಸೂರವಿದ್ದರೆ ನೋಟದ ಕೋನ 10 ಡಿಗ್ರಿ, ಬೆಳಕಿನ ಕೋನ 40 ಡಿಗ್ರಿ. ಪ್ರತಿಫಲನ ಮಸೂರದಿಂದ ಬಹುದೂರ ಹಾದುಹೋಗುತ್ತದೆ.

ಕ್ಯಾಮೆರಾ ಅಲ್ಪಸ್ವಲ್ಪ ಓರೆಯಾದಾಗಲೂ ದೂರದಿಂದ ತೆಗೆದರೆ ದೋಷ ಕಡಿಮೆ. ಅದೇ ಚಿತ್ರಕ್ಕೆ ಕ್ಯಾಮೆರಾ 1 ಡಿಗ್ರಿ ಮೇಲಕ್ಕೋ ಕೆಳಕ್ಕೋ ವಾಲಿದ್ದರೆ 1.3 ಮೀಟರ್ ದೂರದಲ್ಲಿ ಚಿತ್ರದ ಮೇಲಂಚು ಮತ್ತು ಕೆಳಂಚುಗಳ ಅಗಲದಲ್ಲಿ ಸುಮಾರು 7 ಮಿಲಿಮೀಟರಿನಷ್ಟು ವ್ಯತ್ಯಾಸ ಕಾಣುತ್ತದೆ, 2.6 ಮೀಟರಿನಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಈ ಕಾರಣಗಳಿಂದ ಫುಲ್‌ಫ್ರೇಮ್ ಕ್ಯಾಮೆರಾಗಳಿಗೆ 50ರಿಂದ 100 ಮಿಲಿಮೀಟರ್ ಸಂಗಮದೂರ ಹೆಚ್ಚು ಬಳಕೆಯಲ್ಲಿದೆ. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿಗೆ ಇದು ಸುಮಾರು 35ರಿಂದ 70 ಮಿಲಿಮೀಟರ್, 44×33 ಮಿಲಿಮೀಟರಿನ ಮೀಡಿಯಂ ಫಾರ್ಮ್ಯಾಟ್ ಸೆನ್ಸರಿಗೆ ಸುಮಾರು 63ರಿಂದ 120 ಮಿಲಿಮೀಟರ್ ಮಸೂರಗಳಿಗೆ ಸಮ. ಬಹು ಉದ್ದದ ಸಂಗಮದೂರಕ್ಕೂ ತೊಡಕುಗಳಿವೆ. ದೊಡ್ಡ ಚಿತ್ರಕ್ಕೆ ಕೋಣೆ ಸಾಲದೆ ಹೋಗುತ್ತದೆ, ನೆಲದ ಅಲುಗಾಟ ಬಿಂಬದಲ್ಲಿ ಎದ್ದು ಕಾಣುತ್ತದೆ.

ಅಪರ್ಚರ್, ವಿವರ್ತನೆ ಮತ್ತು ಕ್ಷೇತ್ರದ ಆಳ

ಬಹುತೇಕ ಮಸೂರಗಳು ಅಪರ್ಚರ್ ಪೂರ್ತಿ ತೆರೆದಾಗ ಮೂಲೆಗಳಲ್ಲಿ ದುರ್ಬಲವಾಗಿರುತ್ತವೆ. ಎರಡು ಮೂರು ಸ್ಟಾಪ್ (ಬೆಳಕು ಅರ್ಧವಾಗುವ ಹಂತ) ಕಿರಿದುಗೊಳಿಸಿದಾಗ ಸ್ಪಷ್ಟತೆ ಸಮವಾಗುತ್ತದೆ. ಇನ್ನೂ ಕಿರಿದುಗೊಳಿಸಿದರೆ ಬೆಳಕಿನ ವಿವರ್ತನೆಯಿಂದ ಇಡೀ ಬಿಂಬ ಮೆದುವಾಗುತ್ತದೆ. ಹಸಿರು ಬೆಳಕಿನಲ್ಲಿ ಒಂದು ಬಿಂದು ಎಫ್/5.6ರಲ್ಲಿ ಸುಮಾರು 7.5 ಮೈಕ್ರೊಮೀಟರ್, ಎಫ್/8ರಲ್ಲಿ 10.7, ಎಫ್/16ರಲ್ಲಿ 21.5 ಮೈಕ್ರೊಮೀಟರ್ ವ್ಯಾಸದ ಬಿಲ್ಲೆಯಾಗಿ ಹರಡುತ್ತದೆ. 45 ಮೆಗಾಪಿಕ್ಸೆಲಿನ ಫುಲ್‌ಫ್ರೇಮ್ ಸೆನ್ಸರಿನಲ್ಲಿ ಪಿಕ್ಸೆಲಿನ ಅಗಲ ಸುಮಾರು 4.4 ಮೈಕ್ರೊಮೀಟರ್ ಇರುವುದರಿಂದ ಎಫ್/16ರಲ್ಲಿ ಸೂಕ್ಷ್ಮ ವಿವರ ಕಳೆದುಹೋಗುತ್ತದೆ. ಚಿತ್ರಕೃತಿಗಳಿಗೆ ಎಫ್/5.6ರಿಂದ ಎಫ್/11ರವರೆಗಿನ ವ್ಯಾಪ್ತಿ, ಅದರಲ್ಲೂ ಎಫ್/8 ಹೆಚ್ಚಾಗಿ ಬಳಕೆಯಾಗುವುದಕ್ಕೆ ಇದು ಕಾರಣ.

ವಸ್ತು ಹತ್ತಿರವಾದಂತೆ ಅಪರ್ಚರಿನ ಪರಿಣಾಮಕಾರಿ ಮೌಲ್ಯವೂ ಬದಲಾಗುತ್ತದೆ. 1:1 ವರ್ಧನೆಯಲ್ಲಿ ಸಮ್ಮಿತಿಯ ಮಸೂರದ ಎಫ್/8 ಬೆಳಕಿನ ಲೆಕ್ಕದಲ್ಲೂ ವಿವರ್ತನೆಯ ಲೆಕ್ಕದಲ್ಲೂ ಎಫ್/16ಕ್ಕೆ ಸಮ. ಕ್ಷೇತ್ರದ ಆಳವೂ ಬೇಗ ಕುಗ್ಗುತ್ತದೆ. ಬಿಂಬದಲ್ಲಿ 5 ಮೈಕ್ರೊಮೀಟರಿನಷ್ಟೇ ಮಸುಕನ್ನು ಒಪ್ಪಿಕೊಳ್ಳುವುದಾದರೆ ಎಫ್/8ರಲ್ಲಿ ಸ್ಪಷ್ಟವಾಗಿ ಮೂಡುವ ಆಳ 1/25 ವರ್ಧನೆಗೆ ಸುಮಾರು 52 ಮಿಲಿಮೀಟರ್, 1/5ಕ್ಕೆ 2.4 ಮಿಲಿಮೀಟರ್, 1:1ಕ್ಕೆ ಕೇವಲ 0.16 ಮಿಲಿಮೀಟರ್. ದಪ್ಪ ಬಣ್ಣದ ಲೇಪವೋ ಬಾಗಿದ ಹಲಗೆಯೋ ಇದ್ದಾಗ ಬೇರೆ ಬೇರೆ ಫೋಕಸಿನಲ್ಲಿ ತೆಗೆದ ಹಲವು ಚಿತ್ರಗಳನ್ನು ಒಂದುಗೂಡಿಸಬೇಕಾಗುತ್ತದೆ.

ಕೃತಿಯ ಮೇಲೆ ಬೀಳುವ ಬೆಳಕು ಮಂದವಾಗಿದ್ದರೂ ಟ್ರೈಪಾಡ್ ಬಳಸಿ ಷಟರನ್ನು ಹೆಚ್ಚು ಹೊತ್ತು ತೆರೆದಿಡಬಹುದು. ಹೀಗಾಗಿ ಎಫ್/1.4ರಂಥ ದುಬಾರಿ ಮಸೂರದಿಂದ ವಿಶೇಷ ಲಾಭವಿಲ್ಲ. ಕೆಲವು ದೊಡ್ಡ ಅಪರ್ಚರಿನ ಮಸೂರಗಳಲ್ಲಿ ಅಪರ್ಚರ್ ಕಿರಿದಾದಾಗ ಫೋಕಸ್ ತುಸು ಜರುಗುವುದೂ ಉಂಟು. ಇಂಥ ಮಸೂರದಲ್ಲಿ ಕೆಲಸದ ಅಪರ್ಚರಿನಲ್ಲೇ ಫೋಕಸ್ ಮಾಡಬೇಕಾಗುತ್ತದೆ.

ಸೆನ್ಸರ್ ಮತ್ತು ವಿವರದ ಪ್ರಮಾಣ

ದಾಖಲೆಯ ಸೂಕ್ಷ್ಮತೆಯನ್ನು ಕೃತಿಯ ಪ್ರತಿ ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. 90×60 ಸೆಂಟಿಮೀಟರಿನ ಚಿತ್ರವನ್ನು ಮೂಲಗಾತ್ರದಲ್ಲಿ ಇಂಚಿಗೆ 300 ಪಿಕ್ಸೆಲಿನಂತೆ ಮುದ್ರಿಸಲು ಸುಮಾರು 75 ಮೆಗಾಪಿಕ್ಸೆಲ್ ಬೇಕು. ಉದ್ದ ಬದಿಯಲ್ಲಿ 8256 ಪಿಕ್ಸೆಲ್ ಇರುವ 45 ಮೆಗಾಪಿಕ್ಸೆಲಿನ ಕ್ಯಾಮೆರಾ ಒಂದೇ ಬಾರಿಗೆ ಇಂಚಿಗೆ 233 ಪಿಕ್ಸೆಲ್ ಕೊಡುತ್ತದೆ. ಹೆಚ್ಚಿನ ವಿವರ ಬೇಕಾದಾಗ ಚಿತ್ರವನ್ನು ಭಾಗಭಾಗವಾಗಿ ತೆಗೆದು ಜೋಡಿಸಬೇಕು, ಇಲ್ಲವೇ ಸೆನ್ಸರನ್ನು ಪಿಕ್ಸೆಲಿನಷ್ಟೋ ಅರ್ಧ ಪಿಕ್ಸೆಲಿನಷ್ಟೋ ಸರಿಸುತ್ತ ಹಲವು ಬಾರಿ ತೆಗೆಯುವ ಕ್ಯಾಮೆರಾವನ್ನು ಬಳಸಬೇಕು. ಎರಡೂ ವಿಧಾನಗಳಲ್ಲಿ ಮಸೂರದ ಶಕ್ತಿಯೇ ಕೊನೆಯ ಮಿತಿ. ಮಸೂರ ಬಿಡಿಸಿ ತೋರಿಸದ ವಿವರವನ್ನು ಪಿಕ್ಸೆಲ್‌ಗಳ ಸಂಖ್ಯೆ ತಂದುಕೊಡಲಾರದು.

ಮಸೂರದ ಬಗೆಗಳು

ಮ್ಯಾಕ್ರೋ ಮಸೂರ: ಸಮೀಪದ ಚಪ್ಪಟೆ ವಸ್ತುಗಳಿಗಾಗಿ ತಿದ್ದಿದ, 1:1 ಅಥವಾ 1:2 ವರ್ಧನೆಯವರೆಗೆ ಫೋಕಸ್ ಆಗುವ ಮಸೂರ. ವಿರೂಪ ಅತ್ಯಲ್ಪ, ಬಿಂಬ ಸಮತಲ. 50, 60, 70, 90, 100, 105 ಮಿಲಿಮೀಟರುಗಳಲ್ಲಿ ಸಾಮಾನ್ಯವಾಗಿ ದೊರೆಯುತ್ತದೆ. ಚಿತ್ರಕೃತಿಗಳ ಕೆಲಸಕ್ಕೆ ಅತಿ ಹೆಚ್ಚು ಬಳಕೆಯಾಗುವ ಬಗೆ ಇದು. ಒಳಗಿನ ಗಾಜುಗಳ ಚಲನೆಯಿಂದ ಫೋಕಸ್ ಆಗುವ ಹಲವು ಮ್ಯಾಕ್ರೋಗಳಲ್ಲಿ ಸಮೀಪಕ್ಕೆ ಬಂದಂತೆ ನಿಜವಾದ ಸಂಗಮದೂರ ಕುಗ್ಗುತ್ತದೆ. ಆಗ ದೂರದ ಲೆಕ್ಕದಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ.

ಸಾಮಾನ್ಯ ಸ್ಥಿರ ಮಸೂರ: 50 ಅಥವಾ 85 ಮಿಲಿಮೀಟರಿನ, ಸಂಗಮದೂರ ಬದಲಾಗದ ಮಸೂರಗಳು. ಕಡಿಮೆ ಬೆಲೆಯ 50 ಮಿಲಿಮೀಟರ್ ಎಫ್/1.8 ಮಸೂರವೂ ಎಫ್/8ರಲ್ಲಿ ಮಧ್ಯಮ ಮತ್ತು ದೊಡ್ಡ ಚಿತ್ರಗಳಿಗೆ ಒದಗುತ್ತದೆ. ಅಲ್ಪ ಪ್ರಮಾಣದ ಪೀಪಾಯಿ ವಿರೂಪವನ್ನು ತಂತ್ರಾಂಶದಲ್ಲಿ ತಿದ್ದಬೇಕಾಗಬಹುದು.

ಜೂಮ್ ಮಸೂರ: ಕ್ಯಾಮೆರಾದೊಂದಿಗೆ ಬರುವ ಜೂಮ್‌ಗಳಲ್ಲಿ ವಿಶಾಲ ತುದಿಯಲ್ಲಿ ಪೀಪಾಯಿ ವಿರೂಪ, ಉದ್ದ ತುದಿಯಲ್ಲಿ ಸೂಜಿದಿಂಬು ವಿರೂಪ ಸಾಮಾನ್ಯ. ಎರಡರ ನಡುವೆ ವಿರೂಪ ಕನಿಷ್ಠವಾಗುವ ಒಂದು ಸ್ಥಾನವಿರುತ್ತದೆ. ಜಾಗ ಬದಲಿಸಲಾಗದ ಸಂದರ್ಭದಲ್ಲಿ ಜೂಮ್ ಅನುಕೂಲವಾದರೂ ಒಂದೇ ಸಂಗ್ರಹದ ಎಲ್ಲ ಚಿತ್ರಗಳಿಗೂ ಒಂದೇ ಸ್ಥಾನವನ್ನು ಕಾಯ್ದುಕೊಳ್ಳುವುದು ಕಷ್ಟ.

ಶಿಫ್ಟ್ ಮಸೂರ: ಮಸೂರವನ್ನು ಸೆನ್ಸರಿಗೆ ಸಮಾಂತರವಾಗಿ ಜರುಗಿಸಬಹುದಾದ ರಚನೆ. ಎತ್ತರದಲ್ಲಿ ತೂಗಿದ ಚಿತ್ರವನ್ನು ಕ್ಯಾಮೆರಾ ಓರೆಮಾಡದೆ ತೆಗೆಯಲು, ಗಾಜಿನಲ್ಲಿ ಕ್ಯಾಮೆರಾದ್ದೇ ಪ್ರತಿಬಿಂಬ ಬೀಳುವುದನ್ನು ತಪ್ಪಿಸಲು ಇದು ಸಹಾಯಕ. 35 ಮಿಲಿಮೀಟರ್ ಫಿಲ್ಮ್ ಕ್ಯಾಮೆರಾಗಳಿಗೆ ಇಂಥ ಮಸೂರವನ್ನು ನಿಕಾನ್ 1960ರ ದಶಕದ ಆರಂಭದಲ್ಲಿ ತಂದಿತು. 2017ರಲ್ಲಿ ಕ್ಯಾನನ್ 50, 90 ಮತ್ತು 135 ಮಿಲಿಮೀಟರುಗಳಲ್ಲಿ ಶಿಫ್ಟ್ ಮತ್ತು ಮ್ಯಾಕ್ರೋ ಗುಣಗಳೆರಡನ್ನೂ ಸೇರಿಸಿದ ಮಸೂರಗಳನ್ನು ಹೊರತಂದಿತು.

ಪ್ರೋಸೆಸ್ ಮತ್ತು ಎನ್‌ಲಾರ್ಜರ್ ಮಸೂರ: ಮುದ್ರಣಾಲಯ ಹಾಗೂ ಡಾರ್ಕ್‌ರೂಮುಗಳಿಂದ ಹೊರಬಿದ್ದ ಹಳೆಯ ಮಸೂರಗಳನ್ನು ಬೆಲ್ಲೋಸ್ ಮೂಲಕ ಡಿಜಿಟಲ್ ಕ್ಯಾಮೆರಾಗಳಿಗೆ ಜೋಡಿಸಬಹುದು. ವಿರೂಪ ಮತ್ತು ವರ್ಣವಿಪಥನ ಬಹಳ ಕಡಿಮೆ. ಸ್ವಯಂಚಾಲಿತ ಫೋಕಸ್ ಇರುವುದಿಲ್ಲ. ಹಳೆಯ ಲೇಪನದಿಂದಾಗಿ ಬಿಂಬದ ಗಾಢತೆ ಕಡಿಮೆಯಾಗಬಹುದು.

ತಾಂತ್ರಿಕ ಕ್ಯಾಮೆರಾಗಳ ಮಸೂರ: ಶ್ನೈಡರ್ ಮತ್ತು ರೋಡೆನ್‌ಸ್ಟಾಕ್ ಸಂಸ್ಥೆಗಳು ಡಿಜಿಟಲ್ ಬ್ಯಾಕ್‌ಗಳಿಗಾಗಿ ತಯಾರಿಸಿದ ಮಸೂರಗಳು ದೊಡ್ಡ ಸಂಗ್ರಹಾಲಯಗಳ ಸ್ಟುಡಿಯೋಗಳಲ್ಲಿ ಬಳಕೆಯಲ್ಲಿವೆ.

ಕೃತಿಯ ಸ್ವರೂಪಕ್ಕೆ ತಕ್ಕ ಆಯ್ಕೆ

ತೈಲವರ್ಣ: ವಾರ್ನಿಷ್ ಮತ್ತು ಉಬ್ಬಿದ ಕುಂಚಗುರುತುಗಳ ಹೊಳಪು ಮುಖ್ಯ ತೊಡಕು. 85ರಿಂದ 100 ಮಿಲಿಮೀಟರಿನ ಮಸೂರ ದೀಪಗಳಿಗೆ ಬೇಕಾದ ಜಾಗ ಕೊಡುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿರುವ ರವಿವರ್ಮನ ಕೃತಿಗಳಂಥ ದೊಡ್ಡ ಚಿತ್ರಗಳಿಗೆ ಸಭಾಂಗಣದ ಅಗಲ ನೋಡಿಕೊಂಡು 50 ಅಥವಾ 60 ಮಿಲಿಮೀಟರಿಗೆ ಇಳಿಯಬೇಕಾಗುತ್ತದೆ.

ಜಲವರ್ಣ ಮತ್ತು ರೇಖಾಚಿತ್ರ: ಗಾತ್ರ ಚಿಕ್ಕದು, ಕಾಗದದ ಎಳೆ ಮತ್ತು ಪೆನ್ಸಿಲ್ ಗೆರೆಗಳು ನವಿರು. ಮ್ಯಾಕ್ರೋ ಮಸೂರವೇ ಸೂಕ್ತ. ಕೃತಿಯನ್ನು ಮೇಜಿನ ಮೇಲಿಟ್ಟು ಕಾಪಿ ಸ್ಟ್ಯಾಂಡಿನಿಂದ ಕೆಳಮುಖವಾಗಿ ತೆಗೆಯುವುದಾದರೆ ಕಂಬದ ಎತ್ತರ ಸಾಲುವಂತೆ 50ರಿಂದ 70 ಮಿಲಿಮೀಟರಿನ ಮಸೂರವನ್ನು ಆರಿಸುತ್ತಾರೆ. ಸಂಗ್ರಹಾಲಯಗಳು ಕಾಗದದ ಕೃತಿಗಳ ಪ್ರದರ್ಶನಕ್ಕೆ ಸುಮಾರು 50 ಲಕ್ಸ್ ಮಿತಿಯನ್ನು ಪಾಲಿಸುವುದರಿಂದ ಛಾಯಾಗ್ರಹಣದ ಬೆಳಕಿನ ಅವಧಿಯೂ ಕಿರಿದಾಗಿರಬೇಕು.

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ: ಗೆಸ್ಸೋ ಎಂಬ ಲೇಪದಿಂದ ತುಸು ಉಬ್ಬಿಸಿದ ಆಭರಣ ಮತ್ತು ಮಂಟಪಗಳ ಮೇಲೆ ಚಿನ್ನದ ರೇಕು ಹಚ್ಚಿರುತ್ತದೆ. ಚಿನ್ನ ಕಾಣಬೇಕಾದರೆ ಅದು ಒಂದಿಷ್ಟು ಬೆಳಕನ್ನು ಮಸೂರದತ್ತ ಪ್ರತಿಫಲಿಸಲೇಬೇಕು; ಉಳಿದ ಬಣ್ಣಗಳ ಮೇಲೆ ಹೊಳಪು ಬೀಳಬಾರದು. ಕೃತಿಯಿಂದ ದೂರ ನಿಲ್ಲಲು ಬಿಡುವ 90ರಿಂದ 105 ಮಿಲಿಮೀಟರಿನ ಮ್ಯಾಕ್ರೋ ಮಸೂರವಿದ್ದರೆ ದೀಪದ ಕೋನವನ್ನು ನಯವಾಗಿ ಹೊಂದಿಸಬಹುದು. ಗೆಸ್ಸೋದ ಉಬ್ಬು ತೀರ ಅಲ್ಪವಾದ್ದರಿಂದ ಇಡೀ ಚಿತ್ರವನ್ನು ತೆಗೆಯುವಾಗ ಕ್ಷೇತ್ರದ ಆಳ ಸಮಸ್ಯೆಯಾಗುವುದಿಲ್ಲ. ಒಂದೇ ಆಭರಣದ ಸಮೀಪಚಿತ್ರದಲ್ಲಿ ಮಾತ್ರ ಅದು ಅಡ್ಡಬರುತ್ತದೆ.

ಭಿತ್ತಿಚಿತ್ರ ಮತ್ತು ಛಾವಣಿಚಿತ್ರ: ಕೃತಿಯನ್ನು ಕದಲಿಸಲಾಗದು, ಹಿಂದೆ ಸರಿಯಲು ಜಾಗವೂ ಇರುವುದಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪೊಳ್ಳಿಲೂರು ಯುದ್ಧದ ಭಿತ್ತಿಚಿತ್ರದ ಮುಂದೆ ಕಂಬಗಳ ಮೊಗಸಾಲೆಯಿದೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದಲ್ಲಿ ಚಿತ್ರಗಳು ಛಾವಣಿಯಲ್ಲಿವೆ. ಇಂಥಲ್ಲಿ ಎರಡು ದಾರಿಗಳಿವೆ. ಒಂದು, 24 ಅಥವಾ 35 ಮಿಲಿಮೀಟರಿನ ವಿಶಾಲಕೋನ ಮಸೂರದಿಂದ, ಸಾಧ್ಯವಾದರೆ ಶಿಫ್ಟ್ ಮಸೂರದಿಂದ, ಒಮ್ಮೆಗೇ ತೆಗೆಯುವುದು. ಇನ್ನೊಂದು, 50 ಮಿಲಿಮೀಟರಿನಂಥ ಮಸೂರದಿಂದ ಕ್ಯಾಮೆರಾವನ್ನು ಗೋಡೆಗೆ ಸಮಾಂತರವಾಗಿ ಸರಿಸುತ್ತ, ಒಂದರ ಮೇಲೊಂದು ಸುಮಾರು ಮೂರನೇ ಒಂದು ಭಾಗ ಅತಿವ್ಯಾಪಿಸುವಂತೆ ಭಾಗಗಳನ್ನು ತೆಗೆದು ಜೋಡಿಸುವುದು. ವಿರೂಪವಿಲ್ಲದ, ಅಂಚಿನವರೆಗೆ ಬೆಳಕು ಸಮವಾಗಿರುವ ಮಸೂರದಿಂದ ತೆಗೆದ ಭಾಗಗಳು ಗುರುತಿಲ್ಲದೆ ಬೆಸೆಯುತ್ತವೆ.

ಗಾಜು ಹಾಕಿದ ಚಿತ್ರ: ಗಾಜನ್ನು ತೆಗೆಯಲಾಗದಿದ್ದರೆ ಉದ್ದ ಸಂಗಮದೂರದ ಮಸೂರವನ್ನು ಕಪ್ಪು ಬಟ್ಟೆಯ ಪರದೆಯ ರಂಧ್ರದಿಂದ ಇಣುಕಿಸಿ ತೆಗೆಯುತ್ತಾರೆ.

ಧ್ರುವೀಕರಣ ಶೋಧಕ

ಹೊಳಪನ್ನು ಪೂರ್ತಿ ತೆಗೆಯಬೇಕಾದಾಗ ದೀಪಗಳ ಮುಂದೆ ಧ್ರುವೀಕರಣ ಹಾಳೆ ಹಾಕಿ, ಮಸೂರದ ಮುಂದೆ ಅದಕ್ಕೆ ಲಂಬಕೋನದಲ್ಲಿ ತಿರುಗಿಸಿದ ಧ್ರುವೀಕರಣ ಶೋಧಕವನ್ನು ಇರಿಸುತ್ತಾರೆ. ಮೇಲ್ಮೈಯಿಂದ ಕನ್ನಡಿಯಂತೆ ಪ್ರತಿಫಲಿಸಿದ ಬೆಳಕು ತನ್ನ ಧ್ರುವೀಕರಣವನ್ನು ಉಳಿಸಿಕೊಳ್ಳುವುದರಿಂದ ಶೋಧಕದಲ್ಲಿ ನಿಂತುಹೋಗುತ್ತದೆ. ಬಣ್ಣದ ಪದರದೊಳಗೆ ಚದುರಿ ಬಂದ ಬೆಳಕು ಮಾತ್ರ ಒಳಸೇರುತ್ತದೆ. ಲೋಹದ ಹೊಳಪೂ ಇದೇ ರೀತಿ ತಡೆಯಲ್ಪಡುವುದರಿಂದ ಚಿನ್ನದ ರೇಕು ಕಂದುಬಣ್ಣಕ್ಕೆ ತಿರುಗುತ್ತದೆ. ಅಂಥ ಕೃತಿಗಳಿಗೆ ಶೋಧಕವನ್ನು ಭಾಗಶಃ ತಿರುಗಿಸುತ್ತಾರೆ, ಇಲ್ಲವೇ ಶೋಧಕ ಸಹಿತ ಮತ್ತು ರಹಿತ ಚಿತ್ರಗಳೆರಡನ್ನೂ ತೆಗೆದು ಬೆರೆಸುತ್ತಾರೆ. ಫೋಕಸ್ ಮಾಡುವಾಗ ಮಸೂರದ ಮುಂಭಾಗ ತಿರುಗುತ್ತಿದ್ದರೆ ಶೋಧಕದ ಕೋನ ಕೆಡುತ್ತದೆ. ಆದ್ದರಿಂದ ಮುಂಭಾಗ ತಿರುಗದ, ಶೋಧಕ ಕೂರಿಸಲು ಎಳೆಗಳಿರುವ ಮಸೂರವೇ ಬೇಕು.

ಪರೀಕ್ಷೆ ಮತ್ತು ಜೋಡಣೆ

ಮಸೂರದ ಸಾಮರ್ಥ್ಯವನ್ನು ತಿಳಿಯಲು ದಿನಪತ್ರಿಕೆಯ ಹಾಳೆ ಅಥವಾ ಗ್ರಾಫ್ ಕಾಗದವನ್ನು ಗೋಡೆಗೆ ಸಪಾಟಾಗಿ ಅಂಟಿಸಿ ಎಫ್/4ರಿಂದ ಎಫ್/16ರವರೆಗೆ ತೆಗೆದು ಮಧ್ಯ ಮತ್ತು ಮೂಲೆಗಳನ್ನು ಹೋಲಿಸುತ್ತಾರೆ. ನಾಲ್ಕು ಮೂಲೆಗಳಲ್ಲಿ ಒಂದು ಮಾತ್ರ ಮಸುಕಾಗಿದ್ದರೆ ಕ್ಯಾಮೆರಾ ಓರೆಯಾಗಿದೆ ಅಥವಾ ಮಸೂರದೊಳಗಿನ ಗಾಜು ಅಕ್ಷ ತಪ್ಪಿದೆ. ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೆ ತೆಗೆದಾಗ ಬಿಂಬದ ಅದೇ ಮೂಲೆಯಲ್ಲಿ ಮಸುಕು ಉಳಿದರೆ ದೋಷ ಕ್ಯಾಮೆರಾ ಅಥವಾ ಮಸೂರದ್ದು; ಗೋಡೆಯ ಅದೇ ಜಾಗದಲ್ಲಿ ಉಳಿದರೆ ದೋಷ ಜೋಡಣೆಯದು.

ಕ್ಯಾಮೆರಾ ಚಿತ್ರಕ್ಕೆ ಸಮಾಂತರವಾಗಿದೆಯೇ ಎಂದು ನೋಡಲು ಚಿತ್ರದ ಮಧ್ಯದಲ್ಲಿ, ಅದರದೇ ಸಮತಲದಲ್ಲಿ ಚಿಕ್ಕ ಕನ್ನಡಿಯನ್ನು ಹಿಡಿಯುತ್ತಾರೆ. ಮಸೂರದ ಪ್ರತಿಬಿಂಬ ಕ್ಯಾಮೆರಾದ ಪರದೆಯ ನಟ್ಟನಡುವೆ ಕಂಡರೆ ಜೋಡಣೆ ಸರಿ. ಫೋಕಸನ್ನು ಪರದೆಯ ಬಿಂಬ ಹಿಗ್ಗಿಸಿ ಕೈಯಿಂದ ಮಾಡಿ, ಟ್ರೈಪಾಡಿನ ಮೇಲೆ ಕಂಪನನಿರೋಧ ವ್ಯವಸ್ಥೆಯನ್ನು ನಿಲ್ಲಿಸಿಡುವುದು ರೂಢಿ. ಮಸೂರದ ಗಾಜು ಮತ್ತು ಲೇಪನಗಳೂ ಬಣ್ಣದ ಮೇಲೆ ಸ್ವಲ್ಪ ಪರಿಣಾಮ ಬೀರುವುದರಿಂದ, 24 ಬಣ್ಣದ ಚೌಕಗಳ ಕಲರ್‌ಚೆಕರ್ ಫಲಕವನ್ನು ಅದೇ ಮಸೂರ, ಅದೇ ಬೆಳಕಿನಲ್ಲಿ ತೆಗೆದು ಪ್ರೊಫೈಲ್ ಸಿದ್ಧಪಡಿಸುತ್ತಾರೆ. ಚಿತ್ರದ ಜಾಗದಲ್ಲಿ ಬಿಳಿ ಹಾಳೆಯನ್ನಿಟ್ಟು ತೆಗೆದ ಚಿತ್ರದಿಂದ ಮೂಲೆಗಳ ಮಂಕನ್ನೂ ದೀಪಗಳ ಏರುಪೇರನ್ನೂ ಒಟ್ಟಿಗೇ ತಿದ್ದಬಹುದು.

ಸಂರಕ್ಷಣೆ ಮತ್ತು ಸಂಶೋಧನೆಯಲ್ಲಿ ಬಳಕೆ

ಬಣ್ಣದ ಪದರದ ಕೆಳಗಿನ ಕರಡುಗೆರೆಗಳನ್ನು ಅವಕೆಂಪು ಬೆಳಕಿನಲ್ಲಿಯೂ, ಹಳೆಯ ವಾರ್ನಿಷ್ ಮತ್ತು ನಂತರದ ತೇಪೆಗಳನ್ನು ಅತಿನೇರಳೆ ಬೆಳಕಿನಲ್ಲಿಯೂ ಪರಿಶೀಲಿಸುತ್ತಾರೆ. ಸಾಮಾನ್ಯ ಮಸೂರದ ಗಾಜು ಅತಿನೇರಳೆಯನ್ನು ಬಹುಪಾಲು ತಡೆಯುತ್ತದೆ. ಅವಕೆಂಪಿನಲ್ಲಿ ಫೋಕಸ್ ಜರುಗುತ್ತದೆ. ಪ್ರತಿಫಲಿತ ಅತಿನೇರಳೆಯ ಚಿತ್ರಗಳಿಗೆ ಕ್ವಾರ್ಟ್ಸ್ ಮತ್ತು ಫ್ಲೋರೈಟಿನಿಂದ ಮಾಡಿದ 105 ಮಿಲಿಮೀಟರಿನ ಯುವಿ-ನಿಕ್ಕರ್‌ನಂಥ ಮಸೂರಗಳು ಬೇಕಾಗುತ್ತವೆ. ಅತಿನೇರಳೆಯಿಂದ ಅವಕೆಂಪಿನವರೆಗೆ ಒಂದೇ ಫೋಕಸನ್ನು ಉಳಿಸಿಕೊಳ್ಳುವಂತೆ ರೂಪಿಸಿದ 60 ಮಿಲಿಮೀಟರಿನ ಕೋಸ್ಟಲ್ ಆಪ್ಟಿಕ್ಸ್ ಮ್ಯಾಕ್ರೋ ಇನ್ನೊಂದು ಉದಾಹರಣೆ. ವಾರ್ನಿಷ್ ಅತಿನೇರಳೆಯಲ್ಲಿ ಸೂಸುವ ದೃಗ್ಗೋಚರ ಪ್ರದೀಪ್ತಿಯನ್ನು ದಾಖಲಿಸಲು ಮಾತ್ರ ಸಾಮಾನ್ಯ ಮ್ಯಾಕ್ರೋ ಮಸೂರವೇ ಸಾಕು.

ಅತ್ಯುನ್ನತ ವಿವರದ ದಾಖಲೆಗೆ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ರೆಂಬ್ರಾಂಟನ 1642ರ 'ದಿ ನೈಟ್ ವಾಚ್' ಕೃತಿಯನ್ನು ತೆಗೆದ ಕ್ರಮ ನಿದರ್ಶನ. 2020ರಲ್ಲಿ 528 ಚಿತ್ರಗಳನ್ನು ಜೋಡಿಸಿ 44.8 ಗಿಗಾಪಿಕ್ಸೆಲಿನ ಬಿಂಬ ಸಿದ್ಧವಾಯಿತು. 2022ರ ಜನವರಿಯಲ್ಲಿ ಪ್ರಕಟವಾದ ಎರಡನೆಯ ಬಿಂಬಕ್ಕೆ 100 ಮೆಗಾಪಿಕ್ಸೆಲಿನ ಹ್ಯಾಸಲ್‌ಬ್ಲಾಡ್ ಕ್ಯಾಮೆರಾದಿಂದ 8439 ಚಿತ್ರಗಳನ್ನು ತೆಗೆಯಲಾಯಿತು. ಒಟ್ಟು ಗಾತ್ರ 717 ಗಿಗಾಪಿಕ್ಸೆಲ್. ಎರಡು ಪಿಕ್ಸೆಲ್‌ಗಳ ನಡುವಿನ ಅಂತರ ಕೃತಿಯ ಮೇಲೆ 5 ಮೈಕ್ರೊಮೀಟರ್. ಪ್ರತಿ ಚಿತ್ರ ಕೃತಿಯ ಸುಮಾರು 5.5×4.1 ಸೆಂಟಿಮೀಟರ್ ಭಾಗವನ್ನು ಒಳಗೊಂಡಿತ್ತು. ಸೆನ್ಸರಿನ ಗಾತ್ರವೂ ಅದಕ್ಕೆ ಹತ್ತಿರವಾದ್ದರಿಂದ ವರ್ಧನೆ ಹೆಚ್ಚುಕಡಿಮೆ 1:1. ಕ್ಷೇತ್ರದ ಆಳ ಮಿಲಿಮೀಟರಿಗಿಂತ ಕಡಿಮೆಯಿರುವ ಈ ಮಟ್ಟದಲ್ಲಿ ಸಮತಲ ಬಿಂಬ ಕೊಡುವ ಮಸೂರ ಮತ್ತು ಕ್ಯಾಮೆರಾವನ್ನು ನಿಖರವಾಗಿ ಸರಿಸುವ ಯಂತ್ರ ಎರಡೂ ಅಗತ್ಯ.

ಇಂದಿನ ಸ್ಥಿತಿ

ಸಾಂಸ್ಕೃತಿಕ ದಾಖಲೆಗಳ ಗುಣಮಟ್ಟವನ್ನು ಅಳೆಯಲು ಅಮೆರಿಕದ ಫ್ಯಾಡ್ಜಿ, ನೆದರ್ಲೆಂಡ್ಸಿನ ಮೆಟಾಮಾರ್ಫೋಜ್ ಮಾರ್ಗಸೂಚಿಗಳು ಮತ್ತು ಐಎಸ್‌ಒ 19264 ಮಾನಕ ಬಳಕೆಯಲ್ಲಿವೆ. ವಿವರದ ಸ್ಪಷ್ಟತೆ, ಬೆಳಕಿನ ಸಮತೆ, ಬಣ್ಣದ ನಿಖರತೆ, ಜ್ಯಾಮಿತೀಯ ವಿರೂಪ, ಬಣ್ಣಗಳ ತಪ್ಪುಹೊಂದಿಕೆ ಮೊದಲಾದವನ್ನು ಇವು ಅಂಕಿಗಳಲ್ಲಿ ಗೊತ್ತುಪಡಿಸುತ್ತವೆ. ಹೀಗಾಗಿ ಸಂಸ್ಥೆಗಳಲ್ಲಿ ಮಸೂರದ ಆಯ್ಕೆ ಅಳತೆಯ ಫಲಿತಾಂಶವನ್ನು ಆಧರಿಸುತ್ತದೆ.

ಮುದ್ರಣದಲ್ಲಿ ಪ್ರೋಸೆಸ್ ಕ್ಯಾಮೆರಾಗಳು ಮರೆಯಾದ ಮೇಲೆ ಅವುಗಳ ಮಸೂರಗಳು ಹಳೆಯ ಸರಕಿನ ಮಾರುಕಟ್ಟೆಯಲ್ಲಿ ಮಾತ್ರ ಸಿಗುತ್ತವೆ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಮಸೂರ ಕೂರುವ ಜಾಗ ಸೆನ್ಸರಿಗೆ ಹತ್ತಿರವಿರುವುದರಿಂದ ಅಡಾಪ್ಟರ್ ಮೂಲಕ ಅವನ್ನು ಜೋಡಿಸುವುದು ಸುಲಭವಾಗಿದೆ. ಇದೇ ಕ್ಯಾಮೆರಾಗಳ ಹಲವು ಹೊಸ ಮಸೂರಗಳಲ್ಲಿ ವಿರೂಪವನ್ನು ಗಾಜಿನಲ್ಲಿ ಪೂರ್ತಿ ತಿದ್ದದೆ ತಂತ್ರಾಂಶಕ್ಕೆ ಬಿಡಲಾಗುತ್ತದೆ. ತಿದ್ದುಪಡಿ ಕಚ್ಚಾ ಕಡತದೊಂದಿಗೆ ಬಂದು ತಾನಾಗಿ ಅನ್ವಯವಾಗುವುದರಿಂದ ಅಂಥ ಮಸೂರವನ್ನು ತಿದ್ದುಪಡಿಯ ಮೊದಲು ಮತ್ತು ನಂತರ ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ.

ಮೊಬೈಲ್ ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ ಫುಲ್‌ಫ್ರೇಮಿನ 24ರಿಂದ 28 ಮಿಲಿಮೀಟರಿಗೆ ಸಮನಾದ ವಿಶಾಲಕೋನದ್ದು. ಚಿತ್ರಕ್ಕೆ ತೀರ ಹತ್ತಿರ ನಿಲ್ಲಬೇಕಾಗುವುದರಿಂದ ಓರೆ ಮತ್ತು ಹೊಳಪಿನ ತೊಡಕುಗಳು ಹೆಚ್ಚು. ಎರಡು ಅಥವಾ ಮೂರು ಪಟ್ಟಿನ ಪ್ರತ್ಯೇಕ ಟೆಲಿ ಮಸೂರವಿರುವ ಫೋನುಗಳಲ್ಲಿ ಅದನ್ನು ಬಳಸಿ ದೂರದಿಂದ ತೆಗೆದರೆ ಈ ತೊಡಕುಗಳು ತಗ್ಗುತ್ತವೆ. ಜಾಲತಾಣದ ಪ್ರದರ್ಶನಕ್ಕೆ ಇಷ್ಟು ಸಾಕಾಗುತ್ತದೆ. ಮುದ್ರಣ ಮತ್ತು ಸಂರಕ್ಷಣೆಯ ದಾಖಲೆಗಳಿಗೆ ಮಸೂರ ಬದಲಿಸಬಲ್ಲ ಕ್ಯಾಮೆರಾ ಮತ್ತು ಸಮತಲ ಬಿಂಬದ ಮ್ಯಾಕ್ರೋ ಮಸೂರಗಳೇ ಬಳಕೆಯಲ್ಲಿವೆ.